ಮಗಳಿಗೊಂದು ಪತ್ರ: ಬೀಗರ ಪರ್ಪಲ್ ಹಾರ್ಟ್ ಅರ್ಜಿ

ಮಗಳೇ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ಬೀಗರು ಅಮೆರಿಕದ ಸೈನಿಕರಾಗಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದು ಇಷ್ಟು ವರ್ಷ ಆ ಮಾತನ್ನೇ ಎತ್ತದವರು. ಶತ್ರುವಿನಿಂದ ಗಾಯಗೊಂಡ ಸೈನಿಕರಿಗೆ ಅಮೆರಿಕ ಕೊಡುವ ಪರ್ಪಲ್ ಹಾರ್ಟ್ ಪದಕ ಅಂದು ತಮ್ಮ ಕೈಗೆ ಗಾಯವಾದರೂ ಸಿಗಲಿಲ್ಲವಲ್ಲ, ಈಗ ಪಡೆಯುವುದು ಹೇಗೆ ಎಂದು ತಾವಾಗಿಯೇ ಕೇಳಿದ್ದಾರೆ ಅಂದರೆ ಅದನ್ನು ತಡ ಮಾಡಬಾರದು. ಈ ಅರ್ಜಿಗಳನ್ನು ತುಂಬಿಕೊಡುವುದು ನನ್ನ ಕೆಲಸವೇ ಆಗಿತ್ತಲ್ಲ, ಬಿಡಿಸಿ ಬಿಡಿಸಿ ಬರೆಯುತ್ತೇನೆ.

ಮೊದಲ ಮಾತು: ನೀನು ಇಳಿಸಿಕೊಂಡಿರುವ ಡಿಡಿ-149 ಫಾರಂ ಅನ್ನು ಈಗಲೇ ಕಳಿಸಬೇಡ. ಅದು ಕೊನೆಯ ಮೆಟ್ಟಿಲು. ಅದು ಹೋಗುವುದು ಸೇನಾ ದಾಖಲೆ ತಿದ್ದುಪಡಿ ಮಂಡಳಿಗೆ. ಆ ಮಂಡಳಿ ನಿನ್ನ ಪರವಾಗಿ ಊರೂರು ಸುತ್ತಿ ಸಾಕ್ಷಿ ಹುಡುಕುವುದಿಲ್ಲ. ತನ್ನ ಮುಂದಿರುವ ಕಾಗದಗಳನ್ನು ಓದುತ್ತದೆ. ಓದುವಾಗ, ಅಂದು ಸೈನ್ಯ ಬರೆದಿಟ್ಟದ್ದು ಸರಿಯಾಗಿಯೇ ಇದೆ ಎಂದು ಹಿಡಿದುಕೊಂಡು ಓದುತ್ತದೆ. ತಪ್ಪಾಗಿದೆ ಎಂದು ತೋರಿಸುವ ಹೊಣೆ ಪೂರ್ತಿ ಬೀಗರದು. "ನಾನು ಸುಳ್ಳು ಹೇಳುತ್ತಿಲ್ಲ" ಎಂದು ಮೂರು ಪುಟ ಬರೆದ ಅರ್ಜಿಗಳು ಬಿದ್ದುಹೋಗುತ್ತವೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ಯಾರೂ ಅಂದುಕೊಂಡಿರುವುದಿಲ್ಲ. ಕಾಗದ ಇಲ್ಲ, ಅಷ್ಟೆ.

ಯಾವ ಕಾಗದ ಎಂದು ಕೇಳಿದರೆ, ಈ ಪದಕಕ್ಕೆ ಮೂರು ಎಳೆ ಬೇಕು, ಮೂರೂ ಸೇರಬೇಕು. ಗಾಯ ಆಗಿರಬೇಕು. ಅದು ಶತ್ರುವಿನ ಕೃತ್ಯದಿಂದ ಆಗಿರಬೇಕು. ವೈದ್ಯಕೀಯ ಸಿಬ್ಬಂದಿ ಅದಕ್ಕೆ ಚಿಕಿತ್ಸೆ ಕೊಟ್ಟು, ಆ ಚಿಕಿತ್ಸೆ ದಾಖಲಾಗಿರಬೇಕು. ಮುಂಗೈಯಲ್ಲಿ ಇಂದಿಗೂ ಲೋಹದ ಚೂರಿದೆ, ಎಕ್ಸ್‌ರೇಯಲ್ಲಿ ಕಾಣುತ್ತದೆ ಎಂದೆಯಲ್ಲ, ಅದು ಮೊದಲನೆಯ ಎಳೆಗೆ ಮಾತ್ರ ಸಾಕ್ಷಿ. ಚೂರು ಯಾವ ದಿನ, ಯಾರ ಮಾರ್ಟರ್‌ನಿಂದ ಬಂತು ಎಂದು ಎಕ್ಸ್‌ರೇ ಹೇಳುವುದಿಲ್ಲ. ನಿವೃತ್ತ ಸೈನಿಕರ ಇಲಾಖೆ ಆ ಕೈಗೆ ಅಂಗವಿಕಲತೆಯ ಶೇಕಡಾವಾರು ಕೊಟ್ಟಿದ್ದರೂ ಅಷ್ಟೇ. ಅವರ ನಿಯಮ ಬೇರೆ, ಸೈನ್ಯದ ನಿಯಮ ಬೇರೆ. ಅದನ್ನು ಲಗತ್ತಿಸು, ಆದರೆ ಅದರ ಮೇಲೇ ಭಾರ ಹಾಕಬೇಡ.

ಕೆಲವು ಸಂಗತಿಗಳು ಎಷ್ಟು ನಿಜವಾಗಿದ್ದರೂ ಈ ಪದಕಕ್ಕೆ ಸಲ್ಲುವುದಿಲ್ಲ: ಜೀಪು ಮಗುಚಿದ ಗಾಯ, ಕಾಲು ಕೊಳೆತದ್ದು, ಕಾಡಿನ ಎಲೆ ಉದುರಿಸಲು ಅಮೆರಿಕದವರೇ ಸಿಂಪಡಿಸಿದ ಏಜೆಂಟ್ ಆರೆಂಜ್ ವಿಷದಿಂದ ಬಂದ ಕಾಯಿಲೆ, ಯುದ್ಧದ ನಂತರ ಮನಸ್ಸನ್ನು ಕಾಡುವ ಪಿಟಿಎಸ್‌ಡಿ. ಬೀಗರ ಸಂಕಟದಲ್ಲಿ ಇವೂ ಇರಬಹುದು. ಅರ್ಜಿಯೊಳಗೆ ಮಾತ್ರ ಬೆರೆಸಬೇಡ, ಬೆರೆಸಿದರೆ ಮುಖ್ಯ ಎಳೆ ಸಡಿಲವಾಗುತ್ತದೆ. ಒಂದು ವೇಳೆ ಗುಂಡಿನ ಕಾಳಗದ ನಡುವೆ ಅವರ ಕಡೆಯವರದೇ ಚೂರು ತಗುಲಿದ್ದರೆ ಅದಕ್ಕೆ ನಿಯಮದಲ್ಲಿ ಜಾಗ ಇದೆ. ಹಾಗಿದ್ದರೆ ಮುಚ್ಚಿಡದೆ ಬರೆಯಲಿ.

ಈಗ ಕಡತ ತರಿಸುವುದು. ಸೇಂಟ್ ಲೂಯಿಸ್‌ನಲ್ಲಿರುವ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಎಸ್‌ಎಫ್-180 ಫಾರಂ ಕಳಿಸಬೇಕು, ಆನ್‌ಲೈನಿನಲ್ಲೂ ಆಗುತ್ತದೆ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಬರೀ "ದಾಖಲೆ ಬೇಕು" ಎಂದರೆ ಡಿಡಿ-214 ಬಿಡುಗಡೆ ಪತ್ರದ ನಕಲು ಒಂದನ್ನೇ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಅದು ನಿಮ್ಮ ಬಳಿ ಇದ್ದೇ ಇದೆ. "ಸಿಬ್ಬಂದಿ ಕಡತದ ಎಲ್ಲ ಪುಟಗಳು, ವೈದ್ಯಕೀಯ ದಾಖಲೆ ಸಹಿತ" ಎಂದು ಬಿಡಿಸಿ ಬರೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಹಳೆಯ ಸೇವಾ ಸಂಖ್ಯೆ ಎರಡನ್ನೂ ಕೊಡು. ಅಮೆರಿಕದ ಭೂಸೇನೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಬದಲಾದದ್ದು 1969ರ ಜುಲೈ 1ರಂದು. ಬೀಗರು ಗಾಯಗೊಂಡದ್ದು 1968ರಲ್ಲಿ, ಆಗಿನ ಕಾಗದಗಳಲ್ಲೆಲ್ಲ ಇರುವುದು ಹಳೆಯ ಸೇವಾ ಸಂಖ್ಯೆ. ಕಡ್ಡಾಯ ಸೇವೆಗೆ ಹೋದವರದು ಯುಎಸ್ ಎಂದು, ಸ್ವಇಚ್ಛೆಯಿಂದ ಸೇರಿದವರದು ಆರ್‌ಎ ಎಂದು ಶುರುವಾಗುತ್ತದೆ. ಬಿಡುಗಡೆ ಪತ್ರದಲ್ಲೇ ಸಿಗುತ್ತದೆ. ಸಹಿ ಬೀಗರದೇ ಆಗಿರಲಿ.

"ಎಲ್ಲ ಸುಟ್ಟುಹೋಗಿದೆಯಂತೆ" ಎಂದು ಯಾರಾದರೂ ಹೇಳಿದರೆ ನಂಬಿ ಕೈಚೆಲ್ಲಬೇಡ. 1973ರ ಜುಲೈ 12ರಂದು ಆ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ ಹೋದದ್ದು ಮುಖ್ಯವಾಗಿ 1912ರ ನವೆಂಬರ್‌ನಿಂದ 1960ರ ಜನವರಿವರೆಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳು, ಸುಮಾರು ನೂರಕ್ಕೆ 80 ಭಾಗ. ವಾಯುಸೇನೆಯಲ್ಲಿ 1947ರಿಂದ 1964ರವರೆಗಿನವು. ಬೀಗರು ಅದರ ಆಚೆಯವರು.

ಕಡತ ಬಂದಾಗ ಮೊದಲು ಹುಡುಕಬೇಕಾದದ್ದು ಡಿಎ-20 ಎಂಬ ಅರ್ಹತಾ ಪತ್ರ. ಅದರ 40ನೇ ಕಲಮು ಗಾಯಗಳಿಗೆ, 41ನೇದು ಪದಕಗಳಿಗೆ, 38ನೇದು ಯಾವ ತುಕಡಿಯಲ್ಲಿ ಯಾವಾಗ ಇದ್ದರು ಎಂಬುದಕ್ಕೆ. 40ರಲ್ಲಿ ಗಾಯದ ಒಂದು ಸಾಲು ಇದ್ದು 41ರಲ್ಲಿ ಪದಕ ಇಲ್ಲದಿದ್ದರೆ ಕೆಲಸ ಅರ್ಧ ಆದ ಹಾಗೆ. 40 ಖಾಲಿ ಇದ್ದರೆ ಹೆದರಬೇಡ, ಅದಕ್ಕೂ ಕಾರಣ ಇರುತ್ತದೆ. ಬೀಗರು ಹೇಳಿದ ಹಾಗೆ ಬೆಟಾಲಿಯನ್ನಿನ ಚಿಕಿತ್ಸಾ ಠಾಣೆಯಲ್ಲೇ ಹೊಲಿಗೆ ಹಾಕಿಸಿಕೊಂಡು ಮತ್ತೆ ಕಂಪನಿಗೆ ಹೋದವರ ವಿಷಯದಲ್ಲಿ, ಗಾಯದ ಪುರಾವೆ ಎಂದರೆ ಅಂಗಿಗೆ ಕಟ್ಟುತ್ತಿದ್ದ ಡಿಡಿ-1380 ಚೀಟಿ. ಅದು ಠಾಣೆಯಿಂದ ಕಡತಕ್ಕೆ ಬರಬೇಕು, ಕಂಪನಿಯ ಗುಮಾಸ್ತ ಅದನ್ನು ಡಿಎ-20ಕ್ಕೆ ಏರಿಸಬೇಕು. ಮಳೆ, ಕೆಸರು, ನಾಳೆ ಇನ್ನೊಂದು ಕಡೆ ಬಿಡಾರ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಪದಕ ಹೋಯಿತು. ದೊಡ್ಡ ಆಸ್ಪತ್ರೆಗೆ ಹೋದವರಿಗೆ ಎಷ್ಟೋ ಸಲ ಅಲ್ಲೇ ಆದೇಶ ಹೊರಡುತ್ತಿತ್ತು. ಸಣ್ಣ ಗಾಯವಾಗಿ ಬೇಗ ಮರಳಿದವರೇ ಹೆಚ್ಚಾಗಿ ತಪ್ಪಿಹೋಗಿರುವುದು.

ಕೈ ಕೆಂಪಗಾಗಿ ಕೀವು ತುಂಬಿದ್ದರಿಂದ ಆಮೇಲೆ ಆಸ್ಪತ್ರೆಗೂ ಹೋಗಿದ್ದೆ ಎಂದು ಅವರಿಗೆ ಮಸುಕಾಗಿ ನೆನಪಿದೆ ಎಂದೆ. ಇದು ಬಂಗಾರದಂಥ ಸುಳಿವು. ಒಳರೋಗಿಯಾಗಿ ಸೇರಿದವರ ಕಾಗದ ಸಿಬ್ಬಂದಿ ಕಡತದಲ್ಲಿ ಇರುವುದಿಲ್ಲ. ಅದನ್ನು ಆಸ್ಪತ್ರೆಯ ಹೆಸರು ಮತ್ತು ವರ್ಷದ ಮೇಲೆ ಬೇರೆಯೇ ಜೋಡಿಸಿಟ್ಟಿರುತ್ತಾರೆ. ಆಸ್ಪತ್ರೆಯ ಹೆಸರು ಹೇಳದಿದ್ದರೆ "ಸಿಗಲಿಲ್ಲ" ಎಂಬ ಉತ್ತರವೇ ಬರುತ್ತದೆ. ಅವರಿದ್ದದ್ದು ಕು ಚಿಯಲ್ಲಿ, 25ನೇ ಪದಾತಿ ಡಿವಿಷನ್ನಿನಲ್ಲಿ. ಅಲ್ಲಿದ್ದದ್ದು 12ನೇ ಇವ್ಯಾಕ್ಯುಯೇಷನ್ ಆಸ್ಪತ್ರೆ. ಲಾಂಗ್ ಬಿನ್‌ನಲ್ಲಿ 24ನೇದು, 93ನೇದು ಇದ್ದವು. ಹೆಸರುಗಳನ್ನು ನೀನೇ ಒಂದೊಂದಾಗಿ ಹೇಳಿ ನೋಡು. ನೆನಪು ಹಾಗೆ ತಟ್ಟಿದರೆ ಏಳುತ್ತದೆ. ಇನ್ನೊಂದು ವಿಷಯ, ಅವರು ಹಿಂದೆ ಎಂದಾದರೂ ನಿವೃತ್ತ ಸೈನಿಕರ ಇಲಾಖೆಯಲ್ಲಿ ಪರಿಹಾರ ಕೇಳಿದ್ದರೆ, ವೈದ್ಯಕೀಯ ಕಾಗದಗಳು ಸೇಂಟ್ ಲೂಯಿಸ್ ಬಿಟ್ಟು ಆ ಇಲಾಖೆಯ ಕ್ಲೇಮ್ ಕಡತದೊಳಗೆ ಸೇರಿಕೊಂಡಿರಬಹುದು. 20-10206 ಫಾರಂ ಹಾಕಿ ಆ ಕಡತವನ್ನೂ ಪೂರ್ತಿ ತರಿಸು.

ಅವರ ಸ್ವಂತ ಕಡತದಲ್ಲಿ ಏನೂ ಇಲ್ಲದಿದ್ದರೆ ತುಕಡಿಯ ಕಾಗದಗಳಿಗೆ ಕೈ ಹಾಕಬೇಕು. ಕಂಪನಿಯ ದಿನದ ವರದಿಯಲ್ಲಿ ಯಾರು ಗಾಯಗೊಂಡು ಹೋದರು, ಯಾರು ಮರಳಿದರು ಎಂಬ ನಮೂದು ಇರುತ್ತದೆ. ಅದು ಸೇಂಟ್ ಲೂಯಿಸ್‌ನಲ್ಲೇ ಇದೆ. ಕಂಪನಿಯ ಹೆಸರು, ಎರಡು ಮೂರು ತಿಂಗಳೊಳಗಿನ ಅವಧಿ ಕೊಟ್ಟು ಕೇಳು. ಅದೇ ದಿನ ಮರಳಿದವರ ಹೆಸರು ಅದರಲ್ಲಿ ಬರದೆಯೂ ಇರಬಹುದು. ಬೆಟಾಲಿಯನ್ನಿನ ಡಿಎ-1594 ದಿನಚರಿ, ಪದಕ ಕೊಟ್ಟ ಸಾಮಾನ್ಯ ಆದೇಶಗಳು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ, 472ನೇ ದಾಖಲೆ ಗುಂಪಿನಲ್ಲಿವೆ. ದಿನಚರಿಯಲ್ಲಿ ಗಂಟೆ ನಿಮಿಷದ ಲೆಕ್ಕದಲ್ಲಿ "ಮಾರ್ಟರ್ ದಾಳಿ, ಇಷ್ಟು ಜನರಿಗೆ ಗಾಯ" ಎಂದು ಬರೆದಿರುತ್ತಾರೆ. ಹೆಸರಿರುವುದು ಅಪರೂಪ. ಆದರೂ ಎರಡನೆಯ ಎಳೆಗೆ ಇದಕ್ಕಿಂತ ಗಟ್ಟಿ ಕಾಗದ ಇಲ್ಲ.

ಸಾಮಾನ್ಯ ಆದೇಶಗಳನ್ನು ಓದುವಾಗ ಬೀಗರ ಹೆಸರನ್ನಷ್ಟೇ ನೋಡಬೇಡ. ಅದೇ ತಾರೀಕಿನ ಗಾಯಕ್ಕೆ ಅದೇ ಕಂಪನಿಯ ಬೇರೆ ಯಾರಿಗೆ ಪರ್ಪಲ್ ಹಾರ್ಟ್ ಸಿಕ್ಕಿದೆ ಎಂದು ಗುರುತು ಹಾಕಿಕೋ. ಘಟನೆ ನಡೆದದ್ದಕ್ಕೆ ಅದು ಸಾಕ್ಷಿ, ಮತ್ತು ಆ ಹೆಸರುಗಳೇ ನಿನಗೆ ಬೇಕಾದ ಪ್ರತ್ಯಕ್ಷದರ್ಶಿಗಳು. ಬೀಗರ ಹೆಸರಿನ ಕಾಗುಣಿತ ಒಂದಕ್ಷರ ತಪ್ಪಾಗಿರುವುದೂ ಉಂಟು, ಸೇವಾ ಸಂಖ್ಯೆಯಿಂದಲೂ ಹೊಂದಿಸಿ ನೋಡು.

ಜೊತೆಗಾರರನ್ನು ಹುಡುಕಲು ಡಿವಿಷನ್ನಿನ, ರೆಜಿಮೆಂಟಿನ ಹಳೆಯ ಸೈನಿಕರ ಸಂಘಗಳಿವೆ. ಹೇಳಿಕೆ ಬರೆಸುವಾಗ ಬಹಳ ಎಚ್ಚರ ಬೇಕು. ನೀನು ಒಂದು ಮಾದರಿ ಬರೆದು ನಾಲ್ಕು ಜನರ ಸಹಿ ತೆಗೆದುಕೊಂಡರೆ ನಾಲ್ಕೂ ಒಂದಕ್ಕೇ ಸಮ. ಒಬ್ಬೊಬ್ಬರೂ ತಮ್ಮ ಮಾತಿನಲ್ಲೇ ಬರೆಯಲಿ: ತಮ್ಮ ದರ್ಜೆ, ಕಂಪನಿ, ಆ ಹೊತ್ತಿಗೆ ಎಷ್ಟು ದೂರದಲ್ಲಿದ್ದರು, ಕಣ್ಣಾರೆ ಕಂಡದ್ದೇನು, ಆಮೇಲೆ ಕೇಳಿದ್ದೇನು. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಇಡಬೇಕು. ನೋಟರಿ ಮಾಡಿಸಿ, ಆ ವ್ಯಕ್ತಿಯ ಡಿಡಿ-214 ನಕಲನ್ನು ಜೊತೆಗಿಟ್ಟರೆ ಅವರು ಅಲ್ಲಿದ್ದದ್ದಕ್ಕೆ ಪ್ರಶ್ನೆ ಬರುವುದಿಲ್ಲ. ಹೊಲಿಗೆ ಹಾಕಿದ ವೈದ್ಯಕೀಯ ಸಹಾಯಕ ಬದುಕಿದ್ದು ಸಿಕ್ಕರೆ ಅವರ ಒಂದು ಪುಟ ಉಳಿದವರ ಹತ್ತು ಪುಟಕ್ಕೆ ಸಮ, ಏಕೆಂದರೆ ಅದು ಮೂರನೆಯ ಎಳೆ.

ನಿನ್ನ ಅತ್ತೆಯವರ ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳಿವೆ ಎಂದು ನೀನೇ ಹೇಳಿದ್ದೆ. ವಿಯೆಟ್ನಾಮಿನಿಂದ ಬರೆದವರು ಅಂಚೆಚೀಟಿಯ ಜಾಗದಲ್ಲಿ "ಫ್ರೀ" ಎಂದು ಕೈಯಲ್ಲೇ ಬರೆಯುತ್ತಿದ್ದರು. ಕಾಗದ ಬಿಡಿಸುವಾಗ ಲಕೋಟೆ ಬಿಸಾಡಬೇಡ. ಅದರ ಮೇಲಿನ ಅಂಚೆ ಮುದ್ರೆಯ ತಾರೀಕೇ ಮುಖ್ಯ. "ಕೈಗೆ ಸ್ವಲ್ಪ ಪೆಟ್ಟಾಗಿದೆ, ಗಾಬರಿ ಬೇಡ" ಎಂಬ ಒಂದೇ ಸಾಲು ಆ ತಿಂಗಳಲ್ಲೇ ಬರೆದದ್ದಾದರೆ, ಇಂದು ಬರೆಸಿದ ಹೇಳಿಕೆಗಿಂತ ಹೆಚ್ಚು ತೂಗುತ್ತದೆ. ಸೇನೆ ಕಳಿಸಿದ ತಂತಿ ಇದ್ದರೆ ಇನ್ನೂ ಒಳ್ಳೆಯದು.

ಬಿಡುಗಡೆ ಪತ್ರದ 24ನೇ ಕಲಮಿನಲ್ಲಿ ಬೇರೆ ಲೋಪಗಳೂ ಕಾಣುತ್ತವೆ. ವಿಯೆಟ್ನಾಂ ಸೇವಾ ಪದಕದ ಮೇಲೆ ಒಂದೊಂದು ಕಾರ್ಯಾಚರಣೆಗೆ ಒಂದೊಂದು ಕಂಚಿನ ನಕ್ಷತ್ರ ಬರಬೇಕು, ಅದು ಎಷ್ಟೋ ಜನರದರಲ್ಲಿ ಇಲ್ಲ. ವಿಯೆಟ್ನಾಂ ಗ್ಯಾಲಂಟ್ರಿ ಕ್ರಾಸ್ ತುಕಡಿ ಗೌರವದ ಆದೇಶ ಹೊರಬಿದ್ದದ್ದೇ 1974ರಲ್ಲಿ. ಮೊದಲೇ ಮನೆಗೆ ಬಂದವರ ಪತ್ರದಲ್ಲಿ ಅದು ಹೇಗೆ ಇದ್ದೀತು? ಇವಕ್ಕೆ ಜಗಳ ಬೇಡ, ಕಡತ ನೋಡಿ ಕಚೇರಿಯವರೇ ಸೇರಿಸುತ್ತಾರೆ. ಕಂಬ್ಯಾಟ್ ಇನ್‌ಫಂಟ್ರಿಮನ್ ಬ್ಯಾಡ್ಜ್ ಇದೆಯೇ ನೋಡು. ಪದಾತಿಯ ಕಸುಬು, ಪದಾತಿ ತುಕಡಿ, ನೇರ ಕಾಳಗ, ಮೂರೂ ಇದ್ದವರಿಗೆ ಅದು ಸಲ್ಲುತ್ತದೆ. ಕಂಬ್ಯಾಟ್ ಆಕ್ಷನ್ ಬ್ಯಾಡ್ಜ್ ಕೇಳಬೇಡ, ಅದು 2001ರ ಸೆಪ್ಟೆಂಬರ್ 18ರಿಂದ ಈಚಿನವರಿಗೆ ಮಾತ್ರ.

ಕಾಗದಗಳು ಕೈಗೆ ಬಂದ ಮೇಲೆ ಮೊದಲು ಕೆಂಟಕಿಯ ಫೋರ್ಟ್ ನಾಕ್ಸ್‌ನ ಮಾನವ ಸಂಪನ್ಮೂಲ ಕಮಾಂಡಿನ ಪದಕ ವಿಭಾಗಕ್ಕೆ ಬರೆಯಬೇಕು. 1965ರಿಂದ 1973ರವರೆಗಿನ ವಿಯೆಟ್ನಾಂ ಆದೇಶಗಳ ಗಣಕೀಕೃತ ಸೂಚಿ ಅವರಲ್ಲಿದೆ. ಅವರು ಒಪ್ಪಿದರೆ ಡಿಡಿ-215 ಎಂಬ ತಿದ್ದುಪಡಿ ಪತ್ರ ಬರುತ್ತದೆ. ಹಳೆಯ 214 ಹಾಗೇ ಉಳಿದು ಇದು ಅದರ ಜೊತೆ ಸೇರುತ್ತದೆ. ಒಪ್ಪದಿದ್ದರೆ ಆ ನಿರಾಕರಣೆಯ ಪತ್ರವನ್ನೇ ಲಗತ್ತಿಸಿ ಡಿಡಿ-149 ಹಾಕು. ಈ ಮೆಟ್ಟಿಲು ಹತ್ತದೆ ಹೋದರೆ ಮಂಡಳಿ ಅರ್ಜಿಯನ್ನು ಹಿಂದಕ್ಕೆ ಕಳಿಸುತ್ತದೆ.

ಡಿಡಿ-149ಕ್ಕೆ ಶುಲ್ಕವಿಲ್ಲ, ವಕೀಲರು ಬೇಕೇಬೇಕು ಎಂದೂ ಇಲ್ಲ. ಕೌಂಟಿಯ ನಿವೃತ್ತ ಸೈನಿಕರ ಸೇವಾ ಅಧಿಕಾರಿ, ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ ಎಂಬ ಹಳೆಯ ಸೈನಿಕರ ಸಂಘಗಳವರು ದುಡ್ಡಿಲ್ಲದೆ ನೆರವಾಗುತ್ತಾರೆ. ತಪ್ಪು ತಿಳಿದ 3 ವರ್ಷದೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ ಇದೆ. ನ್ಯಾಯದ ಹಿತಕ್ಕೆಂದು ಮಂಡಳಿ ಅದನ್ನು ಮನ್ನಿಸಬಹುದು, ಆದ್ದರಿಂದ ತಡವಾದದ್ದಕ್ಕೆ ಕಾರಣವನ್ನು ಎರಡು ಸಾಲಿನಲ್ಲಿ ಬರೆ. ವಿವರಣೆ ಒಂದೇ ಪುಟ ಇರಲಿ: ಯಾವಾಗ, ಎಲ್ಲಿ, ಯಾವುದರಿಂದ ಗಾಯ, ಯಾರು ಚಿಕಿತ್ಸೆ ಕೊಟ್ಟರು, ಏನು ದಾಖಲಾಗಲಿಲ್ಲ. ಪ್ರತಿ ವಾಕ್ಯದ ಮುಂದೆ ಲಗತ್ತಿನ ಸಂಖ್ಯೆ. ಮೂಲ ಪ್ರತಿ ಒಂದನ್ನೂ ಕಳಿಸಬೇಡ. ತಾರೀಕು ಖಚಿತವಿಲ್ಲದಿದ್ದರೆ "ಸುಮಾರು" ಎಂದೇ ಬರೆಯಲಿ. ಅರ್ಜಿಯಲ್ಲಿ ಒಂದು ದಿನ, ಸ್ನೇಹಿತರ ಹೇಳಿಕೆಯಲ್ಲಿ ಇನ್ನೊಂದು ತಿಂಗಳು ಇದ್ದರೆ ಒಳ್ಳೆಯ ಅರ್ಜಿಯೂ ಮುಳುಗುತ್ತದೆ. ಮಂಡಳಿಯ ಹಳೆಯ ತೀರ್ಪುಗಳು ಹೆಸರು ಅಳಿಸಿ ಎಲ್ಲರಿಗೂ ಓದಲು ಸಿಗುತ್ತವೆ. ಪರ್ಪಲ್ ಹಾರ್ಟ್‌ನ ಹತ್ತು ತೀರ್ಪು ಓದು, ಯಾವುದು ಏಕೆ ಬಿತ್ತು ಎಂದು ನಿನಗೇ ತಿಳಿಯುತ್ತದೆ.

ತೀರ್ಪಿಗೆ ಒಂದು ವರ್ಷ ಕಾಯಲು ತಯಾರಿರಿ, ಕಾನೂನಿನ ಗಡುವೇ 18 ತಿಂಗಳು. ನಿರಾಕರಿಸಿದರೂ ಹೊಸ ಸಾಕ್ಷ್ಯ ಸಿಕ್ಕಾಗ ಮತ್ತೆ ಕೇಳಬಹುದು, ಅದಕ್ಕೆ ಗಡುವಿಲ್ಲ. ಅದಕ್ಕೇ, ಅರೆಬರೆ ಅರ್ಜಿ ಹಾಕಿ ಇರುವ ಕಾಗದವನ್ನೆಲ್ಲ ಮೊದಲ ಸಲವೇ ಖರ್ಚು ಮಾಡಬೇಡ. ಸಂಸದರ ಮೂಲಕ ಹೋಗಿ ಎಂದು ಯಾರೋ ಹೇಳಿದರಂತಲ್ಲ, ಅದು ಶೌರ್ಯ ಪದಕಗಳ ತಡವಾದ ಶಿಫಾರಸಿನ ದಾರಿ. ಪರ್ಪಲ್ ಹಾರ್ಟ್‌ಗೆ ಯಾರ ಶಿಫಾರಸೂ ಬೇಡ. ಗಾಯವಾದವನಿಗೆ ಅದು ಹಕ್ಕು.

ತಿಂಗಳ ದುಡ್ಡು ಬರುವ ಪದಕ ಅಲ್ಲ ಇದು. ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಆದ್ಯತೆಯ 3ನೇ ಗುಂಪಿಗೆ ಸೇರಿಸುತ್ತಾರೆ. ಬೀಗರಿಗೆ ಬೇಕಿರುವುದು ಅದಲ್ಲ ಎಂದು ನನಗೂ ಗೊತ್ತು. ಅವರನ್ನು ಕೂರಿಸಿಕೊಂಡು ಕೇಳುವಾಗ ಒಂದೇ ಸಲಕ್ಕೆ ಎಲ್ಲವನ್ನೂ ಕೇಳಬೇಡ. ಮೊದಲ ದಿನ ಕಂಪನಿ, ಪ್ಲಟೂನು, ಜೊತೆಗಾರರ ಅಡ್ಡಹೆಸರುಗಳು ಸಾಕು. ಗಾಯದ ದಿನದ ಮಾತು ಅವರಾಗಿ ಎತ್ತಿದಾಗ ಬರೆದುಕೋ. ಅವರು ಸುಮ್ಮನಾದರೆ ನೀನೂ ಪುಸ್ತಕ ಮುಚ್ಚು.

ಎಸ್‌ಎಫ್-180 ಈ ವಾರವೇ ಹೋಗಲಿ. ಡಿಎ-20 ಬಂದ ದಿನ ಅದರ ಎರಡೂ ಮಗ್ಗುಲಿನ ಚಿತ್ರ ನನಗೆ ಕಳಿಸು, 40ನೇ ಕಲಮನ್ನು ಇಬ್ಬರೂ ಕೂತು ನೋಡೋಣ.

ನಿನ್ನ
ಅಮ್ಮ