ಸತೀಶನ ಟೀ ತೋಟದ ವಿಚಾರ

ನುವರ ಎಲಿಯ, ಶ್ರೀಲಂಕಾ
ಭಾನುವಾರ ಬೆಳಿಗ್ಗೆ

ಅಪ್ಪಾಜಿಗೂ ಅವ್ವನಿಗೂ ನಮಸ್ಕಾರಗಳು. ಉಭಯಕುಶಲೋಪರಿ. ನಿಮ್ಮ ಕಾಗದ ಕೈ ಸೇರಿತು. ಸತೀಶ ನಾಲೆ ಬಯಲಿನ ಗದ್ದೆ ಮಾರಿ ನೀಲಗಿರಿಯ ಗೂಡಲೂರಿನ ಕಡೆ ಟೀ ತೋಟ ಕೊಳ್ಳುತ್ತೇನೆಂದು ಹಟ ಹಿಡಿದಿರುವುದು, ಮುಂಗಡಕ್ಕೆ ಅವ್ವನ ಸರ ಅಡ ಇಡಲು ಕೇಳಿರುವುದು ತಿಳಿಯಿತು. ಸದ್ಯಕ್ಕೆ ಸರ ಬೀರುವಿನಲ್ಲೇ ಇರಲಿ. ಗಾಬರಿ ಬೀಳುವಂಥದ್ದೇನೂ ಇಲ್ಲ.

ಈ ಊರು 1868 ಮೀಟರ್ ಎತ್ತರದಲ್ಲಿದೆ. ಕೊಲಂಬೊದಲ್ಲಿ ಬೆವರು ಸುರಿಯುತ್ತಿದ್ದರೆ ಇಲ್ಲಿ ಸ್ವೆಟರ್ ಬೇಕು (ಹಾಕಿಕೊಂಡಿದ್ದೇನೆ ಅಂತ ಅವ್ವನಿಗೆ ಹೇಳಿ). ಹಾಲಿಲ್ಲದ ಟೀ ಕೊಟ್ಟು, ಜೊತೆಗೆ ಬೈನೆ ಮರದ ಬೆಲ್ಲದ ತುಂಡೊಂದನ್ನು ಕೈಗಿಡುತ್ತಾರೆ, ಕಚ್ಚಿಕೊಂಡು ಕುಡಿಯಲಿಕ್ಕೆ. ಚೆನ್ನಾಗೇ ಇರುತ್ತದೆ, ಆದರೆ ಮಂಡ್ಯದವರ ಮುಂದೆ ಬೆಲ್ಲದ ಹೆಚ್ಚುಗಾರಿಕೆ ಹೇಳಿದರೆ ಹೇಗೆ? ಈ ಬೆಟ್ಟಗಳಲ್ಲಿ ಮೊದಲಿದ್ದದ್ದು ಕಾಫಿ. 1869ರಲ್ಲಿ ಎಲೆಗೆ ತುಕ್ಕು ರೋಗ ಬಿದ್ದು ಹತ್ತು ಹದಿನೈದು ವರ್ಷಗಳಲ್ಲಿ ಕಾಫಿ ನೆಲ ಕಚ್ಚಿತು. ಅದಕ್ಕೂ ಎರಡು ವರ್ಷ ಮುಂಚೆ ಜೇಮ್ಸ್ ಟೇಲರ್ ಅನ್ನುವವನು ಕ್ಯಾಂಡಿ ಸೀಮೆಯಲ್ಲಿ 19 ಎಕರೆ ಟೀ ಹಾಕಿದ್ದನಲ್ಲ, ಉಳಿದವರೆಲ್ಲ ಅದೇ ದಾರಿ ಹಿಡಿದರು.

ಇನ್ನು ಸತೀಶನ ಲೆಕ್ಕ. ‘ಒಂದು ಸಲ ನೆಟ್ಟರೆ ಐವತ್ತು ವರ್ಷ ಕೂತು ಉಣ್ಣಬಹುದು’ ಅಂದನಂತೆ. ಗಿಡ ಅಷ್ಟು ಕಾಲ ಬದುಕುವುದು ನಿಜ, ಕೂತು ಉಣ್ಣುವುದು ಸುಳ್ಳು. ಕಬ್ಬು ವರ್ಷಕ್ಕೊಮ್ಮೆ ಆಳು ಕೇಳುತ್ತದೆ, ಟೀ ವಾರ ವಾರವೂ ಕೇಳುತ್ತದೆ. ಎರಡು ಎಲೆ, ಒಂದು ಮೊಗ್ಗು ಇಷ್ಟನ್ನೇ ಕೀಳಬೇಕು. ಒಂದು ಸುತ್ತು ತಪ್ಪಿದರೆ ಚಿಗುರು ಬಲಿತು ನಾರಾಗುತ್ತದೆ, ಫ್ಯಾಕ್ಟರಿಯವರು ದರ ಇಳಿಸುತ್ತಾರೆ, ಇಲ್ಲವೇ ಮೂಟೆಯನ್ನೇ ವಾಪಸು ಕಳಿಸುತ್ತಾರೆ. ಕೈ ಪಳಗಿದ ಹೆಂಗಸು ದಿನಕ್ಕೆ ಹದಿನೆಂಟಿಪ್ಪತ್ತು ಕೆಜಿ ಹಸಿ ಎಲೆ ಕೀಳುತ್ತಾಳೆ. ಅದು ಒಣಗಿ ಪುಡಿಯಾದಾಗ ಉಳಿಯುವುದು ಸುಮಾರು ನಾಲ್ಕೂವರೆ ಕೆಜಿ. ಸಣ್ಣ ತೋಟದವನಿಗೆ ಸ್ವಂತ ಫ್ಯಾಕ್ಟರಿ ಇರುವುದಿಲ್ಲ, ಹಸಿ ಎಲೆಯನ್ನೇ ಮಾರಬೇಕು. ಆ ಇಪ್ಪತ್ತು ಕೆಜಿಯ ದುಡ್ಡಿನಲ್ಲಿ ಅವಳ ಕೂಲಿ, ಗೊಬ್ಬರ, ಔಷಧಿ, ಸಾಗಣೆ ಎಲ್ಲ ಕಳೆದು ಮಿಕ್ಕಿದ್ದು ಸತೀಶನದು. ಕಬ್ಬಿಗೆ ಎಫ್‌ಆರ್‌ಪಿ ಅಂತ ಸರ್ಕಾರ ಗೊತ್ತು ಮಾಡಿದ ದರ ಒಂದಾದರೂ ಇದೆ. ನೀಲಗಿರಿಯಲ್ಲಿ ಹಸಿ ಎಲೆಯ ದರ ಹರಾಜಿನ ಬೆಲೆ ನೋಡಿಕೊಂಡು ತಿಂಗಳು ತಿಂಗಳೂ ಬದಲಾಗುತ್ತದೆ.

ಎಲೆಗೆ ಕಾಯುವ ತಾಳ್ಮೆಯಿಲ್ಲ. ಮೂಟೆಯಲ್ಲಿ ಅದುಮಿ ತುಂಬಿದರೆ ಒಳಗೊಳಗೇ ಕಾವು ಏರಿ, ಸಂಜೆ ಬಿಚ್ಚುವ ಹೊತ್ತಿಗೆ ನಡುವಿನ ಎಲೆ ಕೆಂಪಗಾಗಿರುತ್ತದೆ. ಫ್ಯಾಕ್ಟರಿ ಗೇಟಿನಲ್ಲಿ ಲಾರಿ ನಿಂತು ಕಬ್ಬು ಒಣಗುವ ಸಂಕಟವೇ ಇದು, ದಿನಗಳ ಬದಲು ಗಂಟೆಗಳಲ್ಲಿ. ಮಳೆಯಲ್ಲಿ ಕಿತ್ತರೆ ನೀರಿನ ತೂಕವನ್ನೂ ಮುರಿದುಕೊಳ್ಳುತ್ತಾರೆ.

ಫ್ಯಾಕ್ಟರಿಯ ಮೇಲಂತಸ್ತಿನಲ್ಲಿ ಉದ್ದುದ್ದ ಜಾಲರಿ ತೊಟ್ಟಿಗಳಲ್ಲಿ ಎಲೆ ಹರಡಿ, ಕೆಳಗಿನಿಂದ ಫ್ಯಾನ್ ಗಾಳಿ ಬಿಟ್ಟು ಹದಿನಾಲ್ಕು, ಹದಿನೈದು ಗಂಟೆ ಬಾಡಿಸುತ್ತಾರೆ. ಹಿಡಿಯಲ್ಲಿ ಹಿಸುಕಿದರೆ ಮುರಿಯದೆ ಮುದ್ದೆಯಾಗಬೇಕು, ಅದು ಹದ. ಆಮೇಲೆ ರೋಲರಿನಲ್ಲಿ ಹೊಸೆದು, ತೆಳ್ಳಗೆ ಹರಡಿ, ತಾಮ್ರದ ಬಣ್ಣ ಬಂದ ಕೂಡಲೇ ಬಿಸಿ ಗಾಳಿಯಲ್ಲಿ ಒಣಗಿಸುತ್ತಾರೆ. ತೇವ ಶೇಕಡಾ 3ರ ಆಸುಪಾಸಿಗೆ ಇಳಿಯದಿದ್ದರೆ ಚೀಲದಲ್ಲೇ ಬೂಷ್ಟು. ಕೊನೆಗೆ ಜರಡಿ. ನಾವು ಕುಡಿಯುವ ಡಸ್ಟ್ ಟೀ ನೆಲ ಗುಡಿಸಿದ್ದು ಅನ್ನುತ್ತಾಳಲ್ಲ ಅತ್ತೆ, ಅಲ್ಲ, ಜರಡಿಯಲ್ಲಿ ಎಲ್ಲಕ್ಕಿಂತ ಸಣ್ಣಗೆ ಇಳಿದದ್ದು, ಅಷ್ಟೆ.

ತೋಟ ನೋಡಲು ಹೋದರೆ ಸತೀಶ ಹಸಿರು ನೋಡಿ ಮರುಳಾಗುವುದು ಬೇಡ. ಗಿಡಗಳ ತಲೆ ಸೊಂಟದೆತ್ತರದಲ್ಲಿ ಸಮತಟ್ಟಾಗಿದ್ದರೆ ಸುತ್ತು ತಪ್ಪದೆ ಕಿತ್ತಿದ್ದಾರೆ ಎಂದರ್ಥ. ಆಳೆತ್ತರ ಬೆಳೆದಿದ್ದರೆ ಪಾಳು ಬಿಟ್ಟ ತೋಟ, ತಗ್ಗಿಸಿ ಸವರಬೇಕು, ಸವರಿದ ಮೇಲೆ ಮೂರ್ನಾಲ್ಕು ತಿಂಗಳು ಪೈಸೆ ಹುಟ್ಟುವುದಿಲ್ಲ. ಸಾಲಿನ ನಡುವೆ ನಾಲ್ಕಡಿ, ಗಿಡದ ನಡುವೆ ಎರಡಡಿ ಇದ್ದರೆ ಎಕರೆಗೆ ಸುಮಾರು ಐದು ಸಾವಿರದ ನಾನೂರು ಗಿಡ ಇರಬೇಕು. ಬಗ್ಗಿ ಬುಡ ನೋಡಲಿ, ಸತ್ತ ಗಿಡದ ಜಾಗ ಎಷ್ಟು ಖಾಲಿಯಿದೆ ಅಂತ ನೂರು ಗಿಡ ಎಣಿಸಲಿ. ಹೊಸದಾಗಿ ನೆಟ್ಟರೆ ಮೂರು ವರ್ಷ ಕಾಯಬೇಕು. ಮಳೆಗಾಲದಲ್ಲೇ ಒಮ್ಮೆ ಹೋಗಲಿ: ಎಳೆ ಎಲೆಯ ಮೇಲೆ ಎಣ್ಣೆ ತೊಟ್ಟಿಕ್ಕಿದಂಥ ಮಚ್ಚೆ, ಅಡಿಯಲ್ಲಿ ಬಿಳಿ ಬೊಬ್ಬೆ ಕಂಡರೆ ಬ್ಲಿಸ್ಟರ್ ಬ್ಲೈಟ್. ಅದು ಹಿಡಿಯುವುದೇ ಚಿಗುರಿಗೆ, ನಾವು ಮಾರುವುದೂ ಚಿಗುರನ್ನೇ.

ಎಲ್ಲಕ್ಕಿಂತ ಮುಖ್ಯ ಕಾಗದಪತ್ರ. ಗೂಡಲೂರು ತಾಲ್ಲೂಕಿನ ಬಹಳಷ್ಟು ಜಮೀನು ಹಿಂದೆ ಜನ್ಮಿಗಳದ್ದು, ಅಂದರೆ ವಂಶಪಾರಂಪರ್ಯದ ಜಮೀನ್ದಾರರದ್ದು. 1969ರ ಜನ್ಮಂ ರದ್ದು ಕಾಯ್ದೆಯ ಸೆಕ್ಷನ್ 17ಕ್ಕೆ ಸೇರಿದ ಜಮೀನಿನ ತಕರಾರು ದಶಕಗಳಿಂದ ಎಳೆದಾಡುತ್ತಿದೆ, ಅನುಭವದಲ್ಲಿರುವ ಎಷ್ಟೋ ಜನರಿಗೆ ಪಟ್ಟಾ ಇಲ್ಲ. ನಮ್ಮಲ್ಲಿ ಪಹಣಿ ನೋಡುವಂತೆ ಅಲ್ಲಿ ಪಟ್ಟಾ, ಚಿಟ್ಟಾ ನೋಡಬೇಕು, ಮೂವತ್ತು ವರ್ಷದ ಇ.ಸಿ. (ಋಣಭಾರ ಪತ್ರ) ತೆಗೆಸಬೇಕು. ಸರ್ವೆ ನಂಬರು ಸೆಕ್ಷನ್ 17ರದ್ದೇ ಎಂದು ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಕೇಳಲಿ, ಅಲ್ಲಿನ ವಕೀಲರಿಗೇ ತೋರಿಸಲಿ. ದಲ್ಲಾಳಿ ‘ಛಾಪಾ ಕಾಗದದ ಕರಾರು ಸಾಕು’ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಗೂಡಲೂರು ಮೈಸೂರಿಗೆ ಹತ್ತಿರವೇ ಅನ್ನುತ್ತಾನೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಹಾಕಿದರೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಆನೆ ಬಂತು, ಆಳು ಬರಲಿಲ್ಲ ಅಂತ ಫೋನು ಬಂದರೆ ಮಂಡ್ಯದಲ್ಲಿ ಕೂತು ಏನು ಮಾಡುತ್ತಾನೆ?

ಬೇಕಿದ್ದರೆ ಗದ್ದೆ ಮಾರದೆ ಒಂದು ವರ್ಷ ಯಾರದಾದರೂ ತೋಟ ಗುತ್ತಿಗೆಗೆ ಹಿಡಿದು ನೋಡಲಿ. ಆ ದುಡ್ಡು ನಾನು ಕಳಿಸುತ್ತೇನೆ, ನನಗೇನೂ ತೊಂದರೆಯಿಲ್ಲ, ಸಂಬಳ ಸರಿಯಾಗಿ ಬರುತ್ತಿದೆ, ಊಟ ನಿದ್ದೆ ಎಲ್ಲ ಸರಿಯಾಗಿದೆ. ನೀವು ರೇಗಬೇಡಿ, ರೇಗಿದರೆ ಅವನ ಹಟ ಜಾಸ್ತಿಯಾಗುತ್ತದೆ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಎಲ್ಲ ಸರಿಹೋಗುತ್ತದೆ, ಖಂಡಿತ.

ರೈಲಿಗೆ ಹೊತ್ತಾಯಿತು, ಸ್ಟೇಷನ್ನು ಇಲ್ಲಿಂದ ಕೆಳಗೆ ನಾನುಓಯದಲ್ಲಿ. ಅತ್ತೆಗೆ, ಮಕ್ಕಳಿಗೆ ಕೇಳಿದೆನೆಂದು ಹೇಳಿ. ಟೀ ಪುಡಿ ತರುತ್ತೇನೆ.

ಇಂತಿ ನಿಮ್ಮ ಮಗಳು,
ಸುಮ

ಸರ ಕೊಡಬೇಡಿ.