ಆಗುಂಬೆಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ರಜಕ್ಕೆ ಊರಿಗೆ ಬರುವವರು ಇದನ್ನೊಮ್ಮೆ ಓದಿಬಿಡಿ. ನಮ್ಮೂರಿಗೆ ರೈಲಿಲ್ಲ, ಬಸ್ಸೇ ಗತಿ. ಬೆಂಗಳೂರಿನವರು ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಬನ್ನಿ. ಉಡುಪಿ ಕಡೆಯಿಂದ ಸುಮಾರು 55 ಕಿ.ಮೀ. ಆದರೆ ಸೋಮೇಶ್ವರ ದಾಟಿದ ಮೇಲೆ 14 ತಿರುವಿನ ಘಾಟಿ ಇದೆ ಅಲ್ವಾ, ಅಲ್ಲಿ ದೊಡ್ಡ ಬಸ್ಸು ಬಿಡುವುದಿಲ್ಲ, ಮಿನಿ ಬಸ್ಸೇ ಹತ್ತಬೇಕು. ಮಂಜು ಮುಸುಕಿದರೆ ತಿರುವಿನಲ್ಲಿ ಎದುರು ಗಾಡಿಯ ದೀಪ ಬಿಟ್ಟು ಬೇರೇನೂ ಕಾಣದು. ವಯಸ್ಸಾದವರನ್ನು ಕರೆತರುವವರು ದಯವಿಟ್ಟು ಕತ್ತಲಾಗುವ ಮುಂಚೆ ಘಾಟಿ ಹತ್ತಿಬಿಡಿ.

ಇನ್ನೊಂದು ಮಾತು. 2011ರ ಜನಗಣತಿ ಆದಮೇಲೆ ಮುಂದಿನ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ. ಊರು ಮೊದಲೇ ಚಿಕ್ಕದು, ತೋಟದಾಚೆ ಒಂಟಿಮನೆಗಳು ಜಾಸ್ತಿ. ಗಣತಿಯವರು ಬಂದಾಗ ಆ ಮನೆಗಳ ದಾರಿ ತೋರಿಸಿ, ಒಬ್ಬರೂ ಬಿಟ್ಟುಹೋಗಬಾರದು.