ಯಾವ ಕಿವುಡಿಗೆ ಆ ಇಂಜೆಕ್ಷನ್, ಅದನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ‘ಒಂದೇ ಇಂಜೆಕ್ಷನ್, ಕಿವುಡುತನ ಮಾಯ’ ಅಂತ ದಪ್ಪ ಅಕ್ಷರದಲ್ಲಿ ಸುದ್ದಿ ಬಂದಿತ್ತಲ್ಲ, ಅವತ್ತು ಬೆಳಿಗ್ಗೆ ಹತ್ತು ಗಂಟೆಯೊಳಗೆ ನನಗೆ ಹನ್ನೊಂದು ಫೋನ್ ಬಂದವು. ಚಿಕ್ಕಮ್ಮ, ತುಮಕೂರಿನ ಷಡ್ಡಕ, ಕೊಬ್ಬರಿ ಮಂಡಿಯ ಸಾಹುಕಾರರು, ಕೊನೆಗೆ ಮಗಳ ಸ್ಕೂಲ್ ವ್ಯಾನಿನ ಡ್ರೈವರ್ ಕೂಡ. ಎಲ್ಲರದ್ದೂ ಒಂದೇ ಮಾತು: "ಪೇಪರ್ ನೋಡಿದ್ಯಾ? ಮಗೂಗೆ ಹಾಕಿಸಿಬಿಡು." ಅವರ ಪ್ರೀತಿಗೆ ನಾನೇನೂ ಅನ್ನುವುದಿಲ್ಲ. ಆದರೆ ಹನ್ನೊಂದು ಸಲ "ಅದು ನಮ್ಮ ಮಗಳಿಗೆ ಆಗಲ್ಲ" ಅಂತ ಹೇಳುವಾಗ ನನ್ನ ಹೆಂಡತಿ ಒಲೆ ಮುಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಫೋನ್ ಇಟ್ಟಮೇಲೆ ಅವಳೇ ಕೇಳಿದಳು, "ನಿಜವಾಗ್ಲೂ ಆಗಲ್ವಾ?" ಅದಕ್ಕೇ ಈ ಕಾಗದ.

ಸುದ್ದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಶಾಂಘೈನ ಫುಡಾನ್ ವಿಶ್ವವಿದ್ಯಾಲಯದ ಕಣ್ಣು ಮತ್ತು ಕಿವಿ-ಮೂಗು-ಗಂಟಲು ಆಸ್ಪತ್ರೆಯಲ್ಲಿ 6 ಮಕ್ಕಳಿಗೆ ಕೊಟ್ಟಿದ್ದಾರೆ, 5 ಮಕ್ಕಳಿಗೆ ಕಿವಿ ಕೇಳಿಸಿದೆ. ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 2024ರ ಜನವರಿಯಲ್ಲಿ ಬಂತು. ಆ ವರದಿ ಬರುವ ಹೊತ್ತಿಗೆ ಮಕ್ಕಳನ್ನು ನೋಡಿದ್ದು 26 ವಾರ. ಅದೇ ವರ್ಷ ಜೂನ್‌ನಲ್ಲಿ ಇನ್ನೂ 5 ಮಕ್ಕಳಿಗೆ ಎರಡೂ ಕಿವಿಗೆ ಕೊಟ್ಟ ವರದಿ ಬಂತು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ‘ಇಂಜೆಕ್ಷನ್’ ಅಂದರೆ ನಮ್ಮ ಜನ ತೋಳಿಗೆ ಚುಚ್ಚುವುದು ಅಂದುಕೊಳ್ಳುತ್ತಾರೆ. ಇದು ಹಾಗಲ್ಲ. ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಒಳಕಿವಿಯ ತನಕ ದಾರಿ ಮಾಡಿಕೊಂಡು, ಅಲ್ಲಿ ಸರಿಯಾದ ಜೀನ್ ಇರುವ ಔಷಧಿ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾದ್ದು ನಿಮ್ಮ ಸುದ್ದಿಯಲ್ಲಿ ಕೊನೇ ಸಾಲಿಗೂ ಬಂದಿರಲಿಲ್ಲ. ಇದು ಓಟಿಓಎಫ್ ಅನ್ನುವ ಒಂದೇ ಒಂದು ಜೀನ್ ಕೆಟ್ಟಿರುವ ಮಕ್ಕಳಿಗೆ ಮಾತ್ರ. ಹುಟ್ಟು ಕಿವುಡರಲ್ಲಿ ಅಂಥವರು ನೂರಕ್ಕೆ ಹತ್ತು ಮಂದಿಯೂ ಇಲ್ಲ.

ನಾನು ಡಾಕ್ಟರಲ್ಲ. ಅರಸೀಕೆರೆ ಕಡೆ ತೆಂಗಿನ ತೋಟ ಇಟ್ಟುಕೊಂಡಿರುವವನು. ಅಟ್ಟದ ಮೇಲಿನ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲೆ. ನನ್ನ ಮಗಳ ಕಿವಿಯೊಳಗೆ ಏನಾಗಿದೆ ಅಂತ ಮಾತ್ರ ಎರಡೂವರೆ ವರ್ಷ ಗೊತ್ತಾಗಲಿಲ್ಲ. ಆಮೇಲಿಂದ ಸಿಕ್ಕ ಸಿಕ್ಕ ಡಾಕ್ಟರನ್ನು ಕೇಳಿ ಕೇಳಿ ಕಲಿತಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಹುಟ್ಟಿದ ಮೂರನೇ ದಿನ ಮೈಯೆಲ್ಲ ಹಳದಿಯಾಯಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಟು ದಿನ ಐಸಿಯುನಲ್ಲಿ ನೀಲಿ ಲೈಟಿನ ಕೆಳಗೆ ಇಟ್ಟರು. ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ಅಂಶ, ಬಿಲಿರುಬಿನ್ ಅನ್ನುತ್ತಾರೆ, ಅದು 27ಕ್ಕೆ ಹೋಗಿತ್ತು. ಆಗ ಅದರ ಅರ್ಥ ನಮಗೆ ಗೊತ್ತಿರಲಿಲ್ಲ, ಮಗು ಉಳಿಯಿತಲ್ಲ, ಅಷ್ಟೇ ಸಾಕಾಗಿತ್ತು. ಮನೆಗೆ ಕಳಿಸುವ ದಿನ ಒಬ್ಬರು ಬಂದು ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟರು, ಎರಡು ನಿಮಿಷದಲ್ಲಿ ಮಿಷಿನ್ನು ಚೀಟಿ ಕೊಟ್ಟಿತು. ಎರಡೂ ಕಿವಿ ‘ಪಾಸ್’. ನನ್ನ ಅಮ್ಮ ಆ ಚೀಟಿಯನ್ನು ದೇವರ ಮುಂದೆ ಇಟ್ಟರು.

ಆಮೇಲೆ ಮಗು ಮಾತಾಡಲಿಲ್ಲ. ಒಂದು ವರ್ಷ ಆಯಿತು, ಒಂದೂವರೆ ಆಯಿತು. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂದರು ಅಮ್ಮ. ಬಜೆ ತೇದು ನಾಲಿಗೆಗೆ ಹಚ್ಚಿದ್ದಾಯಿತು. ತಟ್ಟೆ ಬಿದ್ದರೆ ಕೆಲವು ಸಲ ತಿರುಗಿ ನೋಡುತ್ತಿದ್ದಳು. ಟ್ರ್ಯಾಕ್ಟರ್ ಬಂದರೆ ಬಾಗಿಲಿಗೆ ಓಡುತ್ತಿದ್ದಳು. ಹೆಸರು ಹಿಡಿದು ಕರೆದರೆ ಮಾತ್ರ ಇಲ್ಲ. ಕಿವಿಯದ್ದೇ ಇರಬಹುದಾ ಅಂತ ನನ್ನ ಹೆಂಡತಿ ಎರಡು ಸಲ ಕೇಳಿದ್ದಳು. ಎರಡು ಸಲವೂ ನಾನೇ ಚೀಟಿ ತೆಗೆದು ತೋರಿಸಿದೆ. ಅದು ಇವತ್ತಿಗೂ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿದೆ.

ಕೊನೆಗೆ ಯಾರೋ ಹೇಳಿದರು ಅಂತ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೆ, ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು. ‘ಬೇರಾ’ ಅನ್ನುವ ಕಿವಿಯ ಪರೀಕ್ಷೆ ಮಾಡಬೇಕು, ಅದಕ್ಕೆ ಮಗು ಗಾಢವಾಗಿ ನಿದ್ದೆ ಮಾಡಿರಬೇಕು, ರಾತ್ರಿ ಮಲಗಿಸಬೇಡಿ ಅಂದರು. ನಾನೂ ನನ್ನ ಹೆಂಡತಿಯೂ ಸರದಿ ಮೇಲೆ ಅವಳನ್ನು ಆಡಿಸುತ್ತಾ, ಮುಖಕ್ಕೆ ನೀರು ಹಾಕುತ್ತಾ ಬೆಳಗು ಮಾಡಿದೆವು. ಬೆಳಿಗ್ಗೆ ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಪರದೆ ಮೇಲೆ ಅಲೆ ಬರಬೇಕಿತ್ತಂತೆ. ಒಂದೂ ಬರಲಿಲ್ಲ. ಅವರು ಅದೇ ದಿನ ಆ ಹಳೇ ಬಿರಡೆ ಪರೀಕ್ಷೆಯನ್ನೂ ಮತ್ತೆ ಮಾಡಿದರು. ಮತ್ತೆ ‘ಪಾಸ್’!

ನನಗೆ ತಲೆಕೆಟ್ಟಿತು. ಒಂದೇ ಕಿವಿ, ಒಂದು ಮಿಷಿನ್ನು ಸರಿ ಇದೆ ಅನ್ನುತ್ತದೆ, ಇನ್ನೊಂದು ಏನೂ ಇಲ್ಲ ಅನ್ನುತ್ತದೆ. ಯಾವುದೋ ಒಂದು ಸುಳ್ಳಾಗಿರಲೇಬೇಕಲ್ಲ ಅಂತ ಜಗಳಕ್ಕೇ ನಿಂತೆ. ಪಾಪ ಪರೀಕ್ಷೆ ಮಾಡಿದ ಆ ಹುಡುಗಿ, ಆಡಿಯಾಲಜಿಸ್ಟು, ಬಿಳಿ ಹಾಳೆ ಮೇಲೆ ಚಿತ್ರ ಬರೆದು ತೋರಿಸಿದಳು. ಎರಡೂ ನಿಜ, ಎರಡೂ ಬೇರೆ ಬೇರೆ ಜಾಗ ನೋಡುತ್ತವೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ಅದರಲ್ಲಿ ಕೂದಲಿನಂಥ ಎಳೆ ಇರುವ ಕೋಶಗಳು. ಹೊರಸಾಲಿನಲ್ಲಿ ಸುಮಾರು 12,000, ಒಳಸಾಲಿನಲ್ಲಿ ಸುಮಾರು 3,500. ಹೊರಸಾಲಿನವು ಶಬ್ದ ಬಂದಾಗ ಕುಣಿಯುತ್ತವೆ, ಉದ್ದ ಆಗುತ್ತವೆ, ಗಿಡ್ಡ ಆಗುತ್ತವೆ, ಬಂದ ಶಬ್ದವನ್ನು ಜೋರು ಮಾಡುತ್ತವೆ. ಹಾಗೆ ಕುಣಿಯುವಾಗ ಕಿವಿಯಿಂದಲೇ ಒಂದು ಸಣ್ಣ ಶಬ್ದ ಹೊರಗೆ ಬರುತ್ತದೆ. ಹೌದು, ಕಿವಿಯೇ ಶಬ್ದ ಮಾಡುತ್ತದೆ! ಕಿವಿಯೊಳಗೆ ಇಂಥದ್ದೊಂದು ಇರಲೇಬೇಕು ಅಂತ 1948ರಲ್ಲೇ ಥಾಮಸ್ ಗೋಲ್ಡ್ ಅನ್ನುವವರು ಹೇಳಿದ್ದರಂತೆ, ಆಗ ಯಾರೂ ಒಪ್ಪಲಿಲ್ಲ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಅದನ್ನು ಮೈಕಿನಲ್ಲಿ ಹಿಡಿದು ತೋರಿಸಿದರು. ಆ ಬಿರಡೆ ಪರೀಕ್ಷೆ, ಓಎಇ ಅನ್ನುತ್ತಾರೆ, ಇದೇ. ಅದು ಕೇಳುವುದು ಹೊರಸಾಲಿನ ಕುಣಿತವನ್ನು ಮಾತ್ರ.

ಆದರೆ ಮಿದುಳಿಗೆ ಸುದ್ದಿ ಮುಟ್ಟಿಸುವುದು ಒಳಸಾಲು, ಅದರ ಹಿಂದಿನ ನರ. ಅಲ್ಲಿ ತೊಂದರೆ ಇದ್ದರೆ ಓಎಇಗೆ ಗೊತ್ತೇ ಆಗುವುದಿಲ್ಲ. ಬೇರಾ ನೋಡುವುದು ಆ ನರದ ದಾರಿಯನ್ನು. ಎರಡೂ ಪರೀಕ್ಷೆ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಇಂಥ ಕಿವುಡು ಒಂದಿದೆ ಅಂತ ಸರಿಯಾಗಿ ಗೊತ್ತಾಗಿದ್ದು. 1996ರಲ್ಲಿ ಆರ್ನಲ್ಡ್ ಸ್ಟಾರ್ ಮತ್ತು ಅವರ ಜೊತೆಯವರು ಹತ್ತು ರೋಗಿಗಳನ್ನು ನೋಡಿ ಇದಕ್ಕೆ ಆಡಿಟರಿ ನ್ಯೂರೋಪಥಿ, ಅಂದರೆ ಕಿವಿಯ ನರದ ತೊಂದರೆ, ಅಂತ ಹೆಸರಿಟ್ಟರು. ಇದರಲ್ಲಿ ಶಬ್ದ ಒಂದಿಷ್ಟು ಕೇಳಬಹುದು, ಮಾತು ಗೊತ್ತಾಗುವುದಿಲ್ಲ. ಭಜನೆಯಲ್ಲಿ ನಲವತ್ತು ಜನ ತಾಳ ಹಿಡಿದು ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ತಟ್ಟಿದರೆ ಗದ್ದಲ ಇರುತ್ತದೆ, ತಾಳ ಇರುವುದಿಲ್ಲ ನೋಡಿ, ಹಾಗೆ. ನನ್ನ ಮಗಳು ಟ್ರ್ಯಾಕ್ಟರ್ ಬಂದರೆ ಓಡುತ್ತಿದ್ದಳು, ಹೆಸರಿಗೆ ತಿರುಗುತ್ತಿರಲಿಲ್ಲ ಅಂದೆನಲ್ಲ. ಅದು ಯಾಕೆ ಅಂತ ಆವತ್ತು ತಿಳಿಯಿತು.

ಈಗ ನಿಮ್ಮ ಸುದ್ದಿಗೆ ಬರುತ್ತೇನೆ. ಓಟಿಓಎಫ್ ಜೀನ್ ಮಾಡುವ ಪ್ರೋಟೀನಿನ ಹೆಸರು ಓಟೋಫರ್ಲಿನ್. ಒಳಸಾಲಿನ ಕೋಶ ನರಕ್ಕೆ ಸುದ್ದಿ ದಾಟಿಸಬೇಕಾದರೆ ಅದು ಬೇಕು. ಅದಿಲ್ಲದ ಮಗುವಿನ ಹೊರಸಾಲು ಚೆನ್ನಾಗಿಯೇ ಕುಣಿಯುತ್ತಿರುತ್ತದೆ. ಅಂದರೆ ಏನಾಯಿತು? ಆ ಇಂಜೆಕ್ಷನ್ ಯಾವ ಮಕ್ಕಳಿಗೆ ಅಂತ ಕಂಡುಹಿಡಿದಿದ್ದಾರೋ, ಅದೇ ಮಕ್ಕಳು ಹುಟ್ಟಿದಾಗ ಓಎಇಯಲ್ಲಿ ‘ಪಾಸ್’ ಆಗಿ ಮನೆಗೆ ಹೋಗುತ್ತಾರೆ! ಶಾಂಘೈನಿಂದ ನಾಳೆಯೇ ಆ ಔಷಧಿ ಹಾಸನಕ್ಕೆ ಬಂದರೂ ಯಾರಿಗೆ ಕೊಡುತ್ತೀರಿ? ಮಗು ಸಿಕ್ಕಬೇಕಲ್ಲ. ಸಿಕ್ಕುವಷ್ಟರಲ್ಲಿ ವಯಸ್ಸು ದಾಟಿರುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 11 ವರ್ಷದ ಹುಡುಗನಿಗೆ ಇದೇ ಚಿಕಿತ್ಸೆ ಕೊಟ್ಟರು, ಕಿವಿ ಕೇಳಿಸಿತು. ಆದರೆ ಅವನಿಗೆ ಇನ್ನು ಮಾತು ಬರುವುದು ಕಷ್ಟ ಅಂತ ಆಗಲೇ ವರದಿಯಾಗಿತ್ತು. ಮಿದುಳು ಮಾತು ಕಲಿಯುವ ಕಾಲ ಮೊದಲ ಕೆಲವು ವರ್ಷ, ಆಮೇಲೆ ಶಬ್ದ ಬಂದರೂ ಅದು ಮಾತಾಗುವುದು ತುಂಬಾ ಕಷ್ಟ.

ನಮ್ಮ ಮಗಳದ್ದೂ ಓಎಇಗೆ ಸಿಗದ ಈ ಗುಂಪಿನ ಕಿವುಡೇ. ಕಾರಣ ಮಾತ್ರ ಬೇರೆ. ಮೊದಲು ಎಲ್ಲರೂ ಬೈದಿದ್ದು ನಮ್ಮ ಮದುವೆಯನ್ನು, ಯಾಕೆಂದರೆ ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ಬೈಯ್ಯುವುದರಲ್ಲಿ ಅರ್ಥ ಇಲ್ಲವೆಂದಲ್ಲ. ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ಜೀನಿನ ಒಂದೊಂದು ಪ್ರತಿ ಇದ್ದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಸಂಬಂಧದಲ್ಲಿ ಮದುವೆಯಾದರೆ ಹಾಗಾಗುವ ಸಾಧ್ಯತೆ ಜಾಸ್ತಿ. ಆದರೆ ಅವಳ ರಕ್ತದ ಪರೀಕ್ಷೆಯಲ್ಲಿ ಜೀನಿನ ತೊಂದರೆ ಏನೂ ಸಿಗಲಿಲ್ಲ. ಹಳೇ ಫೈಲು ನೋಡಿದ ಡಾಕ್ಟರು ಆ 27 ಅನ್ನುವ ಅಂಕಿಯ ಮೇಲೆ ಬೆರಳಿಟ್ಟರು. ಕಾಮಾಲೆ ತೀರಾ ಏರಿದರೆ ಕಿವಿಯ ನರ, ಅದು ಹೋಗಿ ಸೇರುವ ಮಿದುಳಿನ ಕಾಂಡ ಎರಡಕ್ಕೂ ಪೆಟ್ಟು ಬೀಳಬಹುದು, ಕೂದಲು ಕೋಶ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಇದಕ್ಕೆ ಆ ಜೀನಿನ ಔಷಧಿ ಏನು ಮಾಡೀತು? ನನ್ನ ಹೆಂಡತಿಗೆ ನಾನು ಕೊಟ್ಟ ಉತ್ತರ ಇದೇ.

ಮೂರೂಕಾಲು ವರ್ಷಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಆಯಿತು, ಅಂದರೆ ಒಳಕಿವಿಗೆ ತಂತಿ ಕೂರಿಸಿ ನರಕ್ಕೆ ನೇರವಾಗಿ ಸುದ್ದಿ ಮುಟ್ಟಿಸುವ ಯಂತ್ರ. ಹೆಂಡತಿ ಮೈಸೂರಿನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ಅವಳ ಜೊತೆ ಎರಡು ವರ್ಷ ಇದ್ದಳು, ದಿನಾ ಥೆರಪಿಗೆ ಹೋಗಿ, ಮನೆಗೆ ಬಂದು ಸೌಟು, ಸಾಸಿವೆ, ಸೀಗೆಕಾಯಿ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಹೇಳಿಸುತ್ತಾ. ಈಗ ಎರಡನೇ ಕ್ಲಾಸು. ಮಾತಾಡುತ್ತಾಳೆ, ಗದ್ದಲದಲ್ಲಿ ಮಾತ್ರ ಕಷ್ಟ. ಆ ಎರಡೂವರೆ ವರ್ಷ ಕೈಗೆ ಸಿಕ್ಕಿದ್ದರೆ ಇನ್ನೂ ಎಷ್ಟು ಮಾತಾಡುತ್ತಿದ್ದಳೋ.

ಆ ಆಸ್ಪತ್ರೆಯವರನ್ನು ಬೈಯ್ಯಲು ಇದನ್ನು ಬರೆಯುತ್ತಿಲ್ಲ. ಅವರ ಹತ್ತಿರ ಇದ್ದ ಮಿಷಿನ್ನು ಅದೊಂದೇ, ಅದನ್ನೂ ಇಡದ ಆಸ್ಪತ್ರೆಗಳು ಎಷ್ಟೋ. ಆದರೆ ಐಸಿಯುನಲ್ಲಿ ಐದು ದಿನಕ್ಕಿಂತ ಜಾಸ್ತಿ ಇದ್ದ ಕೂಸಿಗೆ ಓಎಇ ಒಂದೇ ಸಾಲದು, ಬೇರಾ ಬಗೆಯ ಪರೀಕ್ಷೆಯೇ ಬೇಕು ಅಂತ ಅಮೆರಿಕದ ಮಕ್ಕಳ ಶ್ರವಣ ಸಮಿತಿ 2007ರಲ್ಲೇ ಹೇಳಿದೆಯಂತೆ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಅನ್ನುವ ಲೆಕ್ಕವೂ ಹಳೆಯದೇ. ಇದು ನಮ್ಮ ತಾಲ್ಲೂಕಿನ ತನಕ ಬರಲು ಯಾವ ಹೊಸ ಸಂಶೋಧನೆಯೂ ಬೇಡ. ಮಿಷಿನ್ನು ಬೇಕು, ಕಲಿತ ಒಬ್ಬರು ಬೇಕು. ಅಷ್ಟು ಆಗುವವರೆಗೆ ಆ ಚೀಟಿಯಲ್ಲಿ ‘ಪಾಸ್’ ಅನ್ನುವುದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸಲಿ: ಕಿವಿಯ ನರ ಪರೀಕ್ಷೆ ಆಗಿಲ್ಲ, ಮಗು ಹೆಸರಿಗೆ ತಿರುಗದಿದ್ದರೆ ಮತ್ತೆ ತೋರಿಸಿ. ಒಂದು ಸೀಲು ಮಾಡಿಸಿದರೆ ಮುಗಿಯಿತು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ಯಾವ ಕಿವುಡು, ಎಷ್ಟು ಮಕ್ಕಳು, ಎಷ್ಟು ದಿನ ನೋಡಿದ್ದಾರೆ ಅನ್ನುವುದನ್ನು ಮೊದಲ ಪ್ಯಾರಾದಲ್ಲೇ ಹಾಕಿ. ತಲೆಬರಹ ನಿಮ್ಮಿಷ್ಟ. ಫೋನ್ ಮಾಡಿದ ಹನ್ನೊಂದು ಜನರಲ್ಲಿ ಚಿಕ್ಕಮ್ಮ ಒಬ್ಬರೇ ಪೂರ್ತಿ ಕೇಳಿಸಿಕೊಂಡರು. ಅವರ ಪಕ್ಕದ ಮನೆ ಕೂಸು ಕಾಮಾಲೆಗೆ ಆರು ದಿನ ಲೈಟಿನಲ್ಲಿದ್ದು ಈಗಷ್ಟೇ ಮನೆಗೆ ಬಂದಿದೆಯಂತೆ. ಬೇರಾ ಮಾಡಿಸಲು ಹೇಳಿದ್ದೇನೆ, ಹೋಗುತ್ತಾರೋ ಇಲ್ಲವೋ ಗೊತ್ತಿಲ್ಲ.

ನಮ್ಮ ಮಗಳ ಆ ಚೀಟಿ ಇನ್ನೂ ಇದೆ. ಅಕ್ಷರ ಮಾಸಿದೆ, ‘ಪಾಸ್’ ಅನ್ನುವುದು ಓದಲು ಬರುತ್ತದೆ. ಹಾಕುವುದಾದರೆ ಫೋಟೊ ಕಳಿಸುತ್ತೇನೆ. ಆಸ್ಪತ್ರೆಯ ಹೆಸರು ಮುಚ್ಚಿ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ,
ಅರಸೀಕೆರೆ ತಾಲ್ಲೂಕು